ನಲವತ್ತು ಕಂಠದ ತಂಬೂರಿ

ಕ್ಲೇಟನ್, ಮೆಲ್ಬರ್ನ್
ಭಾನುವಾರ, ೩೦ ಅಕ್ಟೋಬರ್ ೧೯೯೪

ಪ್ರೀತಿಯ ಹಂಸಾ,

ನಿನಗೂ, ನಿನ್ನ ಪಕ್ಕದಲ್ಲಿ ಕೈಕಾಲು ಆಡಿಸುತ್ತಾ ಮಲಗಿರುವ ಪುಟ್ಟಿಗೂ ಅಮ್ಮನ ಆಶೀರ್ವಾದ. ನಾವಿಬ್ಬರೂ ಇಲ್ಲಿ ಕ್ಷೇಮ. ಪ್ರತಿ ಕಾಗದದಲ್ಲೂ ಯೋಚಿಸದೆ ಬರೆದುಬಿಡುವ ಈ ಸಾಲನ್ನು ಈ ಸಲ ನಿಜವಾಗಿ ಬರೆಯಲು ನನಗೆ ಎರಡು ತಿಂಗಳು ಹಿಡಿಯಿತು.

ಸಿಡ್ನಿಗೂ ಮೆಲ್ಬರ್ನಿಗೂ ಮಧ್ಯೆ ಫೋನ್ ಇರುವಾಗ ಇಷ್ಟುದ್ದದ ಕಾಗದ ಯಾಕೆ ಎಂದು ನೀನು ಹುಬ್ಬು ಗಂಟಿಕ್ಕುತ್ತೀಯ, ಗೊತ್ತು. ಕೋಪ ಬಂದರೆ ಮಡಿಸಿ ಪಕ್ಕಕ್ಕಿಡು. ಮಗುವಿಗೆ ಹಾಲು ಕುಡಿಸಿ, ಅದು ಮಲಗಿದ ಮೇಲೆ ಮತ್ತೆ ತೆಗೆದು ಓದು. ಅಷ್ಟು ಮಾಡು ಸಾಕು.

ನೀನು ಹೆತ್ತ ಮಾರನೆಯ ದಿನ ಆಸ್ಪತ್ರೆಯಿಂದ ಫೋನ್ ಮಾಡಿದೆಯಲ್ಲ, ಆಗ ನಾನು ಒಂದು ಮಾತೂ ಆಡದೆ ರಿಸೀವರನ್ನು ಅಪ್ಪನ ಕೈಗೆ ಕೊಟ್ಟೆ. ಅದು ಕೋಪವಲ್ಲ, ಅಸಡ್ಡೆಯಲ್ಲ. ನನಗೆ ದನಿಯೇ ಇರಲಿಲ್ಲ, ಹಂಸಾ. ಗಂಟಲಿನ ಆಪರೇಷನ್ ಆಗಿ ಒಂದು ವಾರವೂ ಕಳೆದಿರಲಿಲ್ಲ.

ಹೆದರಬೇಡ. ಕಥೆಯ ಕೊನೆಯನ್ನು ಮೊದಲೇ ಹೇಳಿಬಿಡುತ್ತೇನೆ, ನೀನು ನೆಮ್ಮದಿಯಾಗಿ ಓದಬಹುದು. ತೆಗೆದದ್ದು ಕೆಟ್ಟ ಗಡ್ಡೆಯಲ್ಲ. ದನಿಯೂ ಮೆಲ್ಲಗೆ ಬರುತ್ತಿದೆ. ಇನ್ನು ಮೊದಲಿನಿಂದ ಹೇಳುತ್ತೇನೆ.

ಇಲ್ಲಿನ ವೆಲ್ಷ್ ಗಂಡಸರ ಕ್ವಾಯರ್ ವಿಷಯ ನಿನಗೆ ಅಲ್ಪಸ್ವಲ್ಪ ಗೊತ್ತು. ನಲವತ್ತು ಜನ. ಹೆಚ್ಚಿನವರು ಅರವತ್ತು ದಾಟಿದವರು. ಅವರಲ್ಲಿ ಅನೇಕರ ತಾತಂದಿರು ವೇಲ್ಸ್‌ನಲ್ಲಿ ಕಲ್ಲಿದ್ದಲ ಗಣಿಯಲ್ಲಿ ಇಳಿದು ದುಡಿದವರಂತೆ. ಪ್ರತಿ ಮಂಗಳವಾರ ಸಂಜೆ ಒಂದು ಚರ್ಚಿನ ಹಾಲ್‌ನಲ್ಲಿ ಸೇರಿ ಹಾಡುತ್ತಾರೆ. ಅವರನ್ನು ನಡೆಸುವವಳು ಮಾತ್ರ ಒಬ್ಬ ಹೆಂಗಸು. ಗ್ವೆನ್ ಎಂದು ಹೆಸರು, ನನಗಿಂತ ಗಿಡ್ಡ. ಅವಳು ಕೈ ಎತ್ತಿದರೆ ನಲವತ್ತು ಗಂಡಸರೂ ಸ್ಕೂಲ್ ಹುಡುಗರ ಹಾಗೆ ಸುಮ್ಮನಾಗುತ್ತಾರೆ. ವರ್ಷಕ್ಕೊಮ್ಮೆ ದೊಡ್ಡ ಕಾರ್ಯಕ್ರಮ ಇಟ್ಟು ಬೇರೆ ಬೇರೆ ಸಂಗೀತಗಾರರನ್ನು ಅತಿಥಿಗಳಾಗಿ ಕರೆಯುತ್ತಾರೆ. ಒಂದು ವರ್ಷ ಬ್ಯಾಂಡ್‌ನವರು, ಇನ್ನೊಂದು ವರ್ಷ ಯಾರೋ ಪಿಟೀಲಿನವರು, ಹೀಗೆ. ಅಪ್ಪನ ಡಿಪಾರ್ಟ್‌ಮೆಂಟಿನ ಹ್ಯೂ ಆ ಕ್ವಾಯರಿನಲ್ಲಿ ಹಾಡುತ್ತಾರೆ. ಯುಗಾದಿ ಊಟಕ್ಕೆ ನಮ್ಮ ಮನೆಗೆ ಬಂದವರು ನನ್ನ ಹಾಡು ಕೇಳಿ, ಹೋಗಿ ಗ್ವೆನ್‌ಗೆ ಹೇಳಿದರು. ಮೇ ತಿಂಗಳಲ್ಲಿ ಆಕೆಯೇ ಮನೆಗೆ ಬಂದು, ಆಗಸ್ಟ್ ಕೊನೆಯ ಕಾರ್ಯಕ್ರಮದಲ್ಲಿ ಕಾಲುಗಂಟೆ ನೀವು ಹಾಡಬೇಕು ಎಂದಳು.

ನಾನು ಹಾಡಿದ್ದೆಲ್ಲ ನಮ್ಮವರ ಮುಂದೆ. ಗಣೇಶನ ಹಬ್ಬ, ರಾಜ್ಯೋತ್ಸವ, ಯಾರದೋ ಮನೆಯ ಸತ್ಯನಾರಾಯಣ ಪೂಜೆ. ಪ್ರಸಾದ ಎಲ್ಲಿ ಕೊಡುತ್ತಾರೆ ಎಂದು ಮಧ್ಯೆ ಎದ್ದುಹೋಗುವವರ ಮುಂದೆ. ಟಿಕೆಟ್ ತೆಗೆದುಕೊಂಡು ಬಂದು ಕೂತು ಕೇಳುವವರ ಮುಂದೆ ಹಾಡಿ ಇಪ್ಪತ್ತು ವರ್ಷದ ಮೇಲಾಗಿತ್ತು. ಬೇಡ ಅನ್ನಬೇಕು ಎಂದುಕೊಂಡು ಹೂಂ ಅಂದುಬಿಟ್ಟೆ.

ಪಿಟೀಲಿಗೆ ನಮ್ಮ ಡಾಕ್ಟರ್ ಜಯಲಕ್ಷ್ಮಿ, ಮೃದಂಗಕ್ಕೆ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿರುವ ಭಾಸ್ಕರ. ಜುಲೈನಲ್ಲಿ ಒಂದು ದಿನ ನಮ್ಮ ಹಜಾರದಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೆವು. ಹಾಡು ನಿಲ್ಲಿಸಿ ನೀರು ಕುಡಿದೆ. ಜಯಲಕ್ಷ್ಮಿ ಕಮಾನು ಕೆಳಗಿಟ್ಟು ನನ್ನ ಕತ್ತನ್ನೇ ನೋಡಿದಳು.

"ಅರುಂಧತಿ, ಇನ್ನೊಂದು ಗುಟುಕು ಕುಡಿ," ಅಂದಳು.

ಕುಡಿದೆ. ನುಂಗುವಾಗ ಕತ್ತಿನ ಎಡಗಡೆ ಒಂದು ಗಂಟು ಮೇಲೆ ಹೋಗಿ ಕೆಳಗಿಳಿಯಿತಂತೆ. ದಿನಾ ಕನ್ನಡಿಯಲ್ಲಿ ನೋಡಿಕೊಳ್ಳುವ ಕತ್ತು, ನನಗೇ ಗೊತ್ತಿರಲಿಲ್ಲ. ಅವಳು ಎದ್ದು ಬಂದು ಹಿಂದೆ ನಿಂತು ಎರಡೂ ಕೈಯಿಂದ ಮುಟ್ಟಿ ನೋಡಿದಳು. ಆಮೇಲೆ ಏನೂ ಆಗದವಳ ಹಾಗೆ ಮತ್ತೆ ಪಿಟೀಲು ಎತ್ತಿಕೊಂಡಳು. ಭಾಸ್ಕರ ಹೋದ ಮೇಲೆ, ನಾಳೆಯೇ ಸ್ಕ್ಯಾನ್ ಮಾಡಿಸಬೇಕು ಎಂದಳು.

ಸ್ಕ್ಯಾನ್ ಆಯಿತು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಇದು ಒಳ್ಳೆಯದೋ ಕೆಟ್ಟದ್ದೋ ಸೂಜಿಯಿಂದ ಗೊತ್ತಾಗುವುದಿಲ್ಲ, ಥೈರಾಯ್ಡ್ ಗ್ರಂಥಿಯ ಅರ್ಧ ಭಾಗ ತೆಗೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ ಎಂದರು ಸರ್ಜನ್. ಒಳ್ಳೆಯ ಮನುಷ್ಯ, ಏನನ್ನೂ ಮುಚ್ಚಿಡಲಿಲ್ಲ. ಆ ಗ್ರಂಥಿಯ ಹಿಂದೆಯೇ ದನಿಯ ನರ ಹಾದುಹೋಗುತ್ತದೆ, ದಾರದಷ್ಟು ಸಣ್ಣದು, ನಾನು ಜೋಪಾನವಾಗಿಯೇ ಕೆಲಸ ಮಾಡುತ್ತೇನೆ, ಆದರೆ ನೀವು ಹಾಡುವವರು ಎಂದು ನಿಮ್ಮ ಯಜಮಾನರು ಹೇಳಿದ್ದರಿಂದ ಇದನ್ನು ಮುಂಚೆಯೇ ತಿಳಿಸಬೇಕು ಎಂದರು.

ಆ ಹೊತ್ತಿಗೆ ನಿನ್ನನ್ನು ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ರಕ್ತ ಹೋಗುತ್ತಿದೆ, ಹೆರಿಗೆಯವರೆಗೂ ಮಂಚದಿಂದ ಇಳಿಯುವ ಹಾಗಿಲ್ಲ, ಮನಸ್ಸಿಗೆ ಯಾವ ಗಾಬರಿಯೂ ಆಗಬಾರದು ಎಂದು ಡಾಕ್ಟರು ಹೇಳಿದ್ದಾರೆ ಎಂದು ಅಳಿಯಂದಿರು ಸುಘೋಷ್ ಫೋನ್ ಮಾಡಿದರು. ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು. ಮಾತಾಡಿಕೊಂಡು ತೀರ್ಮಾನ ಮಾಡಿದ್ದೂ ಅಲ್ಲ. ಹಂಸಾಗೆ ಹೇಳುವುದು ಬೇಡ ಎನ್ನುವುದು ಇಬ್ಬರಿಗೂ ಗೊತ್ತಿತ್ತು, ಅಷ್ಟೇ. ಆಗಸ್ಟ್ ಮೊದಲ ವಾರ ನಾನು ಸಿಡ್ನಿಗೆ ಬಂದು ನಿನ್ನ ಪಕ್ಕ ನಾಲ್ಕು ದಿನ ಕೂತು, ಹ್ಯಾರಿಸ್ ಪಾರ್ಕಿನ ನಮ್ಮವರ ಅಂಗಡಿಯಿಂದ ಮೆಂತ್ಯದ ಸೊಪ್ಪು ತಂದು ಪಲ್ಯ ಮಾಡಿ ಡಬ್ಬಿಯಲ್ಲಿ ತಂದು ತಿನ್ನಿಸಿದೆನಲ್ಲ, ಆಗಲೂ ಗಂಟು ನನ್ನ ಕತ್ತಿನಲ್ಲೇ ಇತ್ತು. ಚಳಿ ಎಂದು ಸ್ಕಾರ್ಫ್ ಕಟ್ಟಿಕೊಂಡಿದ್ದೆ. ಬಾಣಂತನಕ್ಕೆ ಬಂದೇ ಬರುತ್ತೇನೆ ಎಂದು ನಿನ್ನ ಕೈ ಹಿಡಿದು ಹೇಳಿದೆ. ಹೇಳುವಾಗ ಹಾಗೇ ನಂಬಿದ್ದೆ.

ಇನ್ನು ಕಾರ್ಯಕ್ರಮದ ದಿನ. ನೀನು ಕೋಪದಲ್ಲಿ ಆ ಕಾರ್ಯಕ್ರಮದ ಬಗ್ಗೆ ಒಂದು ಮಾತೂ ಕೇಳಲಿಲ್ಲ, ನಾನಾಗಿ ಹೇಳಲೂ ಆಗಲಿಲ್ಲ. ಈಗ ಕೇಳು.

ಟೌನ್ ಹಾಲ್ ತುಂಬಿತ್ತು. ಗಂಡಸರೆಲ್ಲ ಕೆಂಪು ಕೋಟು ಹಾಕಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ನಿಂತಿದ್ದರು. ನಮ್ಮ ಜೊತೆ ಇನ್ನೂ ಎರಡು ಅತಿಥಿ ತಂಡ. ನೀಲಿ ಸ್ಕರ್ಟಿನ ಸ್ಕೂಲ್ ಹುಡುಗಿಯರ ಕ್ವಾಯರ್, ಮತ್ತೆ ಹಾರ್ಪ್ ಬಾರಿಸುವ ಒಬ್ಬ ಹೆಂಗಸು. ಆಕೆಯ ವಾದ್ಯ ನಮ್ಮ ಬೀರುವಿನಷ್ಟು ಎತ್ತರ. ನಾನು ಹಸಿರು ಮೈಸೂರು ಸಿಲ್ಕ್ ಉಟ್ಟು, ಅಜ್ಜಿಯ ಅಡ್ಡಿಕೆ ಹಾಕಿಕೊಂಡಿದ್ದೆ. ಗಂಟು ಅದರ ಹಿಂದೆ ಚೆನ್ನಾಗಿ ಮುಚ್ಚಿಹೋಗಿತ್ತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಭಾಸ್ಕರ ಶ್ರುತಿ ಪೆಟ್ಟಿಗೆಯನ್ನು ಪ್ಲಗ್‌ಗೆ ಹಾಕಿದ. ಬೆಂಗಳೂರಿನಿಂದ ತಂದ ಕರೆಂಟಿನ ಪೆಟ್ಟಿಗೆ. ಅರೆಕ್ಷಣ ತಂಬೂರಿಯಂತೆ ನುಡಿಯಿತು, ಆಮೇಲೆ ರಬ್ಬರ್ ಸುಟ್ಟ ವಾಸನೆ ಬಂತು, ನಿಂತುಹೋಯಿತು. ಅವನು ಬಿಚ್ಚಿ ಊದಿ ನೋಡಿದ, ತಟ್ಟಿ ನೋಡಿದ. ಏನೂ ಇಲ್ಲ. ನಿಜವಾದ ತಂಬೂರಿ ಬುರುಡೆ ಸೀಳಿ ಮನೆಯಲ್ಲಿ ಬಿದ್ದಿತ್ತು. ಹೊರಗೆ ಹುಡುಗಿಯರ ಹಾಡು ಮುಗಿದು ಚಪ್ಪಾಳೆ ಕೇಳಿಸುತ್ತಿತ್ತು, ಅದಾದ ಮೇಲೆ ಹಾರ್ಪ್, ಆಮೇಲೆ ನಾವು. ಪಿಟೀಲಿನಲ್ಲೇ ಶ್ರುತಿ ಹಿಡಿಯುತ್ತೇನೆ ಎಂದಳು ಜಯಲಕ್ಷ್ಮಿ. ಹಾಗೆ ಮಾಡಿದರೆ ನನ್ನ ಹಿಂದೆ ನುಡಿಸುವವರು ಯಾರು? ಬೇರೆ ದಿನವಾಗಿದ್ದರೆ ಶ್ರುತಿ ಇಲ್ಲದೆಯೂ ಹಾಡುತ್ತಿದ್ದೆನೋ ಏನೋ. ಆವತ್ತು ಇದೇ ಕೊನೆಯ ಸಲ ಇರಬಹುದು ಎಂದು ನನಗೆ ಗೊತ್ತಿತ್ತಲ್ಲ, ಕೊನೆಯ ಸಲ ಹೀಗಾಗಬೇಕೇ ಅನ್ನಿಸಿತು.

ಗ್ವೆನ್ ಒಳಗೆ ಬಂದಳು. ವಾಸನೆ ಹಿಡಿದು, ಪೆಟ್ಟಿಗೆ ನೋಡಿ, ಇದು ಏನು ಮಾಡುತ್ತಿತ್ತು ಎಂದು ಕೇಳಿದಳು. ಹೇಳಿದೆ.

"ಯಾವ ಸ್ವರ ಬೇಕು?"

ನನ್ನ ಶ್ರುತಿ ಐದು ಮನೆ, ಅವರ ಲೆಕ್ಕದಲ್ಲಿ ಜಿ. "ಜಿ ಮತ್ತು ಡಿ, ಎರಡೇ," ಎಂದೆ. "ಆದರೆ ಮಧ್ಯದಲ್ಲಿ ನಿಲ್ಲಬಾರದು. ಒಂದು ಕ್ಷಣವೂ ನಿಲ್ಲಬಾರದು."

ಗ್ವೆನ್ ನಕ್ಕಳು. "ನನ್ನ ಹತ್ತಿರ ನಲವತ್ತು ಜನ ಇದ್ದಾರೆ. ಒಬ್ಬ ಉಸಿರು ತೆಗೆದುಕೊಳ್ಳುವಾಗ ಉಳಿದವರು ಹಾಡುತ್ತಿರುತ್ತಾರೆ. ನೀವು ಹೋಗಿ ಕೂತುಕೊಳ್ಳಿ."

ವೇದಿಕೆಯ ಮೇಲೆ ಜಮಖಾನ ಹಾಸಿದ್ದರು. ಕೂತೆ. ಹಿಂದೆ ಗ್ವೆನ್ ತನ್ನ ಗಂಡಸರಿಗೆ ಏನೋ ಪಿಸುಗುಟ್ಟಿದ್ದು ಕೇಳಿಸಿತು. ಆಮೇಲೆ ಅದು ಶುರುವಾಯಿತು. ಮೊದಲು ಕೆಳಗಿನ ಷಡ್ಜ, ಬಾಯಿ ಮುಚ್ಚಿಕೊಂಡು ಗುನುಗಿದ್ದು. ನೆಲದಿಂದ ಬಂದ ಹಾಗಿತ್ತು. ಜಮಖಾನದ ಕೆಳಗಿನ ಹಲಗೆ ನಡುಗುವುದು ನನ್ನ ಕಾಲಿಗೆ ತಿಳಿಯುತ್ತಿತ್ತು. ಅದರ ಮೇಲೆ ಪಂಚಮ ಬಂದು ಕೂತಿತು, ಆಮೇಲೆ ಮೇಲಿನ ಷಡ್ಜ. ಎಲ್ಲೂ ಬಿರುಕಿಲ್ಲ. ಯಾರು ಉಸಿರು ತೆಗೆದುಕೊಂಡರು, ಯಾರು ಮತ್ತೆ ಸೇರಿಕೊಂಡರು, ಒಂದೂ ಗೊತ್ತಾಗಲಿಲ್ಲ. ನಮ್ಮ ಮೇಷ್ಟ್ರ ಮನೆಯಲ್ಲಿ ನಾಲ್ಕು ತಂಬೂರಿ ಒಟ್ಟಿಗೆ ಮೀಟಿದಾಗಲೂ ನನಗೆ ಅಂಥ ಶ್ರುತಿ ಸಿಕ್ಕಿರಲಿಲ್ಲ.

ಮೋಹನ ಎತ್ತಿಕೊಂಡೆ. ಐದೇ ಸ್ವರದ ರಾಗ, ಯಾವ ದೇಶದವರ ಕಿವಿಗೂ ಪರಕೀಯ ಅನ್ನಿಸುವುದಿಲ್ಲ ಎಂದು ಮೊದಲೇ ಆರಿಸಿಕೊಂಡಿದ್ದೆ. ಆಲಾಪನೆ ಮಾಡುತ್ತಾ ಹೋದ ಹಾಗೆ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಿದ್ದರೆ ಹಿಡಿಯಲು ಹಿಂದೆ ನಲವತ್ತು ಜನ ನಿಂತಿದ್ದಾರೆ ಅನ್ನಿಸಿತು. ತಾರಸ್ಥಾಯಿಗೆ ಹೋಗುವುದಿಲ್ಲ ಎಂದು ಜಯಲಕ್ಷ್ಮಿಗೆ ಮಾತು ಕೊಟ್ಟಿದ್ದೆ, ಹೋದೆ. ಅವಳು ಪಿಟೀಲಿನಲ್ಲೇ ನನ್ನನ್ನು ಬೈದ ಹಾಗೆ ಒಂದು ಸಲ ಎಳೆದು, ಆಮೇಲೆ ಹಿಂದೆಯೇ ಬಂದಳು. ಒಂದು ದೇವರನಾಮ ಹಾಡಿದೆ. ಕೊನೆಗೆ ನಮ್ಮಜ್ಜಿ ಹೇಳಿಕೊಟ್ಟ ಜೋಗುಳ. ಹುಟ್ಟಲಿರುವ ಮಗುವಿಗೆ ನನ್ನ ದನಿ ಒಂದು ಕ್ಯಾಸೆಟ್ಟಿನಲ್ಲಾದರೂ ಇರಲಿ ಎಂದು ಅಪ್ಪ ಮುಂದಿನ ಸಾಲಿನಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕೂತಿದ್ದರು. ನಾನು ಅವರ ಕಡೆ ನೋಡಲಿಲ್ಲ. ನೋಡಿದ್ದರೆ ಹಾಡುವುದಕ್ಕೆ ಆಗುತ್ತಿರಲಿಲ್ಲ.

ಮುಗಿದ ಮೇಲೂ ಹಿಂದಿನವರು ನಿಲ್ಲಿಸಲಿಲ್ಲ, ಗ್ವೆನ್ ಕೈ ನಿಧಾನವಾಗಿ ಇಳಿಸುವವರೆಗೂ ಶ್ರುತಿ ಇತ್ತು. ಆಮೇಲೆ ಚಪ್ಪಾಳೆ ತಟ್ಟಿದರು ನೋಡು, ನೀಲಿ ಸ್ಕರ್ಟಿನ ಹುಡುಗಿಯರು ಕಾಲು ಬಡಿದರು. ಕೊನೆಯ ಹಾಡನ್ನು ಎಲ್ಲರೂ ಸೇರಿ ಹಾಡುವುದು ಅಲ್ಲಿನ ಪದ್ಧತಿ. ಅವರ ಭಾಷೆಯ ಹಾಡು ನಮಗೆ ಬರುವುದಿಲ್ಲವಲ್ಲ, ಆದರೂ ಭಾಸ್ಕರ ಸುಮ್ಮನೆ ಕೂರಲಾರದೆ ಮೃದಂಗದ ಮೇಲೆ ಬೆರಳಾಡಿಸಿದ. ಮೊದಲನೇ ಸಾಲಿನ ಮುದುಕರು ಹಾಡುತ್ತಾ ಹಾಡುತ್ತಾ ನಮ್ಮ ಮಲ್ಲೇಶ್ವರದ ರಸಿಕರ ಹಾಗೆ ತಲೆ ಆಡಿಸತೊಡಗಿದರು. ಗ್ವೆನ್ ಮಾತ್ರ ಹುಬ್ಬೇರಿಸಿ ನೋಡಿದಳು, ನಿಲ್ಲಿಸಲಿಲ್ಲ.

ಈಗ ಒಂದು ಮಾತು ಹೇಳಬೇಕು. ಬರೆಯಲೋ ಬೇಡವೋ ಎಂದು ಪೆನ್ನು ಕೆಳಗಿಟ್ಟು ಹಿತ್ತಲಿಗೆ ಹೋಗಿ ಬಂದೆ.

ಸರ್ಜನ್ ನನಗೆ ಮೊದಲು ಕೊಟ್ಟ ದಿನ ಆಗಸ್ಟ್ ಮಧ್ಯದಲ್ಲಿತ್ತು. ಯಾರೋ ಬರುವುದಿಲ್ಲ ಎಂದಿದ್ದರಿಂದ ಖಾಲಿಯಾದ ಜಾಗ. ಆವತ್ತೇ ಮಾಡಿಸಿಕೊಂಡಿದ್ದರೆ ನಿನ್ನ ಹೆರಿಗೆಯ ಹೊತ್ತಿಗೆ ಗಾಯ ಮಾಗಿ, ರಿಪೋರ್ಟೂ ಬಂದು, ದನಿ ಇಲ್ಲದಿದ್ದರೂ ನಾನು ನಿನ್ನ ಪಕ್ಕ ಇರುತ್ತಿದ್ದೆನೇನೋ. ಅದನ್ನು ಬೇಡ ಎಂದು ಸೆಪ್ಟೆಂಬರಿಗೆ ಮುಂದೂಡಿಸಿಕೊಂಡವಳು ನಾನೇ. ತಡ ಮಾಡಿದರೆ ಅಪಾಯ ಉಂಟೇ ಎಂದು ಕೇಳಿದೆ, ಮೂರು ವಾರದಲ್ಲಿ ಏನೂ ಆಗುವುದಿಲ್ಲ ಎಂದರು. ಸಾಕು ಅಂದುಕೊಂಡೆ. ಅಪ್ಪ ಬೇಡ ಎನ್ನಲಿಲ್ಲ. ಜಯಲಕ್ಷ್ಮಿ ಮಾತ್ರ, ಹಂಸಾಗೆ ಏನು ಹೇಳುತ್ತೀ ಎಂದು ಕೇಳಿದಳು. ನಿನಗೆ ಹೆರಿಗೆಯ ದಿನ ಕೊಟ್ಟಿದ್ದು ಅಕ್ಟೋಬರ್ ಮೊದಲ ವಾರಕ್ಕಲ್ಲವೇ, ಅಷ್ಟರಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಪುಟ್ಟಿ ನನ್ನ ಲೆಕ್ಕ ಕೇಳದೆ ಮುಂಚೆಯೇ ಬಂದಳು.

ಹಾಗಾಗಿ ವೆಲ್ಷ್‌ನವರಿಗಾಗಿ ಅಮ್ಮ ನನ್ನನ್ನು ಬಿಟ್ಟಳು ಎಂದು ನೀನು ಅಂದುಕೊಂಡದ್ದು ಪೂರ್ತಿ ಸುಳ್ಳಲ್ಲ. ಮೊಮ್ಮಗುವಿಗಾಗಿ ಹಾಡಿದೆ, ಕ್ಯಾಸೆಟ್ಟಿಗಾಗಿ ಹಾಡಿದೆ ಎಂದು ಬರೆದುಬಿಟ್ಟರೆ ನಿನ್ನ ಕೋಪ ಇಳಿಯುತ್ತದೆ. ಆದರೆ ಜೋಗುಳಕ್ಕೆ ಮುಂಚಿನ ಆ ಹತ್ತು ನಿಮಿಷ ನಾನು ನಿನ್ನನ್ನೂ ನೆನೆಯಲಿಲ್ಲ, ಮಗುವನ್ನೂ ನೆನೆಯಲಿಲ್ಲ. ಹಾಡುತ್ತಿದ್ದೆ, ಅಷ್ಟೇ. ದನಿ ಹೋಗುವುದಾದರೆ ಒಂದು ಸಲ ಪೂರ್ತಿಯಾಗಿ ಹಾಡಿ ಹೋಗಲಿ ಎಂದಿತ್ತು. ಇದು ಸರಿಯೋ ತಪ್ಪೋ, ನೀನೀಗ ತಾಯಿಯಾಗಿದ್ದೀಯ, ನೀನೇ ಯೋಚಿಸಿ ಹೇಳು. ಹೇಳದಿದ್ದರೂ ಬೇಜಾರಿಲ್ಲ.

ಸೆಪ್ಟೆಂಬರ್ ಮೊದಲ ವಾರ ಆಪರೇಷನ್ ಆಯಿತು. ಎಚ್ಚರವಾದಾಗ ನರ್ಸ್ ಹೆಸರು ಕೇಳಿದಳು. ಹೇಳಲು ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಅವಳು ಕೈ ತಟ್ಟಿ, ಹೀಗಾಗುವುದುಂಟು, ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ತಿಂಗಳು ಬೇಕು ಎಂದಳು. ಕೆಲವರಿಗೆ ಬರುವುದೇ ಇಲ್ಲ ಎನ್ನುವುದನ್ನು ಅವಳು ಹೇಳಲಿಲ್ಲ, ನನಗೆ ಗೊತ್ತಿತ್ತು. ನರಕ್ಕೆ ಪೆಟ್ಟಾಗಿಲ್ಲ, ಎಳೆತದಿಂದ ಮರಗಟ್ಟಿರಬಹುದು, ಕಾಯಬೇಕು ಎಂದರು ಸರ್ಜನ್.

ಮನೆಗೆ ಬಂದೆ. ಅದೇ ವಾರ ಸುಘೋಷ್ ಫೋನ್ ಮಾಡಿ ಸಿಸೇರಿಯನ್ ಆಯಿತು, ಹೆಣ್ಣುಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದರು. ಅಪ್ಪ ಕೇಳಿ ನನಗೆ ಹೇಳುತ್ತಾ ಹೇಳುತ್ತಾ ಅತ್ತರು. ನನಗೆ ಅಳುವುದಕ್ಕೂ ಶಬ್ದ ಬರಲಿಲ್ಲ. ಆದರೂ ಅಂಥ ಹಗುರವಾದ ದಿನ ನನ್ನ ಜೀವನದಲ್ಲಿ ಬಂದಿರಲಿಲ್ಲ. ನನ್ನ ರಿಪೋರ್ಟ್ ಇನ್ನೂ ಬಂದಿರಲಿಲ್ಲ. ಏನಾದರೂ ಬರಲಿ, ನೀವಿಬ್ಬರೂ ಉಳಿದಿರಲ್ಲ ಎಂದುಕೊಂಡೆ.

ಮಾರನೆಯ ದಿನ ನಿನ್ನ ಫೋನ್. "ಅಮ್ಮಾ, ಏನಾದ್ರೂ ಹೇಳು," ಅಂದೆ ನೀನು. ಎರಡು ಸಲ ಅಂದೆ. ನಾನು ಪಿಸುಗುಟ್ಟಿದೆ, ನಿನಗೆ ಮುಟ್ಟಲಿಲ್ಲ. ಅಪ್ಪನಿಗೆ ರಿಸೀವರ್ ಕೊಟ್ಟೆ. ಅಮ್ಮ ಯಾವಾಗ ಬರುತ್ತಾಳೆ ಎಂದು ನೀನು ಕೇಳಿದಾಗ ಆ ಮಹಾನುಭಾವರಿಗೆ ಸುಳ್ಳು ಹೇಳಿ ಅಭ್ಯಾಸವೇ ಇಲ್ಲ, ಕಣ್ಣೆದುರಿಗೆ ಗೋಡೆಯ ಮೇಲೆ ಕ್ವಾಯರಿನ ಪೋಸ್ಟರ್ ಇತ್ತು. "ಅವಳಿಗೆ ಇನ್ನೊಂದು ಕಾನ್ಸರ್ಟ್ ಬಂದಿದೆ ಕಣಮ್ಮ, ಬ್ಯಾಲರಾಟ್‌ನಲ್ಲಿ," ಎಂದುಬಿಟ್ಟರು. ನಾನು ಪಕ್ಕದಲ್ಲಿ ನಿಂತು ಬೇಡ ಬೇಡ ಎಂದು ಕೈ ಆಡಿಸುತ್ತಿದ್ದೆ. ಹೇಳಿ ಮುಗಿದಿತ್ತು.

ನೀನು ಅಂದದ್ದು ರಿಸೀವರಿನಿಂದ ನನಗೂ ಕೇಳಿಸಿತು. "ಅಮ್ಮಂಗೆ ಹೇಳು ಅಪ್ಪಾ, ಆ ವೆಲ್ಷ್‌ನೋರಿಗೇ ಹಾಡ್ಕೊಂಡಿರ್ಲಿ. ನನ್ನ ಮಗೂಗೆ ಜೋಗುಳ ಹಾಡೋಕೆ ನಮ್ಮತ್ತೆ ಇದಾರೆ."

ನಿನ್ನ ಮೇಲೆ ಬೇಸರವಾಗಲಿಲ್ಲ. ಹೊಟ್ಟೆ ಕೊಯ್ಯಿಸಿಕೊಂಡು ಮಲಗಿದ ಮಗಳಿಗೆ ಅಮ್ಮ ಬರುವುದಿಲ್ಲ ಎಂದರೆ ಇನ್ನೇನು ಅನ್ನುತ್ತಾಳೆ? ಅಪ್ಪ ಆಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬ್ಯಾಲರಾಟ್ ಯಾಕೆ ಬಾಯಿಗೆ ಬಂತೋ ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಜಯಲಕ್ಷ್ಮಿ ಬಂದಳು. ಯಾವಾಗಲೂ ಬಾಗಿಲಲ್ಲೇ ಷೂ ಬಿಡುವವಳು ಅವತ್ತು ಷೂ ಹಾಕಿಕೊಂಡೇ ಸೀದಾ ಅಡಿಗೆಮನೆಗೆ ನುಗ್ಗಿದಳು.

"ಏನಿಲ್ಲ ಕಣೇ. ಕ್ಯಾನ್ಸರ್ ಅಲ್ಲ."

ಅಪ್ಪ ಅಲ್ಲೇ ಅಕ್ಕಿ ಡಬ್ಬದ ಮೇಲೆ ಕುಳಿತರು. ಡಬ್ಬದ ಮುಚ್ಚಳ ನೆಗ್ಗಿತು, ಈಗಲೂ ನೆಗ್ಗಿದೆ. ನಾನು ದೋಸೆ ಹುಯ್ಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಜಯಲಕ್ಷ್ಮಿಯನ್ನು ತಬ್ಬಿಕೊಂಡೆ, ಅವಳ ಕೋಟೆಲ್ಲ ಹಾಳಾಯಿತು. ಅವತ್ತು ಅಪ್ಪ ತಿಂದ ದೋಸೆಗಳನ್ನು ನೀನು ನೋಡಬೇಕಿತ್ತು.

ಆಗಲೇ ನಿನಗೆ ಹೇಳಬಹುದಿತ್ತು. ಅಪ್ಪ ಫೋನ್ ಮಾಡಿದರು. ನಿನಗೆ ಹೊಲಿಗೆ ಹಾಕಿದ ಜಾಗ ಕೀವಾಗಿ ಜ್ವರ ಬಂದಿದೆ, ಮಾತಾಡುವ ಸ್ಥಿತಿಯಲ್ಲಿಲ್ಲ ಎಂದರು ಸುಘೋಷ್. ಜ್ವರ ಬಿಟ್ಟ ಮೇಲೆ ನೀನೇ ಮಾತಾಡುವುದಿಲ್ಲ ಎಂದೆ. ಮಾತಿಲ್ಲದೆ, ಕತ್ತಿಗೆ ಪಟ್ಟಿ ಕಟ್ಟಿಕೊಂಡು ನಿನ್ನ ಬಾಗಿಲಿಗೆ ಬಂದು ನಿಲ್ಲೋಣ ಎಂದು ಒಂದು ಸಲ ಪೆಟ್ಟಿಗೆಯನ್ನೂ ತುಂಬಿದೆ. ನನ್ನನ್ನು ನೋಡಿ ನೀನು ಗಾಬರಿಯಾದರೆ, ಹಾಲು ಬತ್ತಿದರೆ ಎಂದು ಹೆದರಿ ಬಟ್ಟೆಗಳನ್ನು ಮತ್ತೆ ಬೀರುವಿಗೆ ಇಟ್ಟೆ. ನನ್ನ ದನಿಯಲ್ಲೇ ನಿನಗೆ ಹೇಳಬೇಕು ಎನ್ನುವ ಹಟವೂ ಇತ್ತು. ಅದು ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದೆ.

ಗ್ವೆನ್‌ಗೆ ವಿಷಯ ಹ್ಯೂ ಹೇಳಿದ್ದರು. ಒಂದು ಮಂಗಳವಾರ ಕಾರು ತಂದು, ನೀವು ಹಾಡುವುದು ಬೇಡ, ಸುಮ್ಮನೆ ಬಂದು ಕೂತುಕೊಳ್ಳಿ ಎಂದು ಕರೆದುಕೊಂಡು ಹೋದಳು. ಕ್ವಾಯರಿನ ಎದುರಿಗೆ ಕೂರಿಸುತ್ತಾಳೆ ಎಂದುಕೊಂಡಿದ್ದೆ, ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ತಗ್ಗಿನ ದನಿಯವರ ನಡುವೆ ಕೂರಿಸಿದಳು. ಎರಡೂ ಕಡೆ ಎತ್ತೆತ್ತರದ ಮುದುಕರು. ಅವರು ಹಾಡಿದರೆ ನನ್ನ ಎದೆಗೂಡು ಅದುರುತ್ತಿತ್ತು. ಆಸ್ಪತ್ರೆಯಲ್ಲಿ ದನಿಯ ವ್ಯಾಯಾಮ ಹೇಳಿಕೊಡುವ ಹುಡುಗಿ ದಿನಾ ಗುನುಗಿ ನೋಡಿ ಎಂದಿದ್ದಳು. ಮನೆಯಲ್ಲಿ ಗುನುಗಿದರೆ ಏನೂ ಬಾರದೆ ಅಳು ಬರುತ್ತಿತ್ತು. ಇಲ್ಲಿ ಬರದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲವಲ್ಲ ಎಂದು ಬಾಯಿ ಮುಚ್ಚಿಕೊಂಡು ಪ್ರಯತ್ನಪಡುತ್ತಿದ್ದೆ. ಪ್ರತಿ ಮಂಗಳವಾರವೂ ಹೋದೆ.

ಈ ತಿಂಗಳ ನಡುವಿನಲ್ಲಿ ಒಂದು ಸಂಜೆ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಅದುರುತ್ತಿರುವುದು ಅವರ ದನಿಯೋ ನನ್ನದೋ ಎಂದು ಅನುಮಾನ ಬಂತು. ಬಲಗಡೆಯ ಮುದುಕರು ತಲೆ ತಿರುಗಿಸಲಿಲ್ಲ, ತಮ್ಮ ದನಿಯನ್ನು ಮಾತ್ರ ತಗ್ಗಿಸಿದರು. ಆಗ ಕೇಳಿಸಿತು. ಸೀಳಿದ ಬಿದಿರಿನ ಹಾಗೆ, ಸಣ್ಣಗೆ, ಒಂದು ಷಡ್ಜ. ಆ ಮುದುಕರು ಹಾಡು ಮುಗಿಯುವವರೆಗೂ ಹಾಗೆಯೇ ಮೆಲ್ಲಗೆ ಹಾಡಿದರು. ಗ್ವೆನ್ ಅವತ್ತು ಅವರನ್ನು ಬೈಯಲೂ ಇಲ್ಲ.

ಮೊನ್ನೆ ಶುಕ್ರವಾರ ಡಾಕ್ಟರು ಮೂಗಿನಿಂದ ಸಣ್ಣ ಕೊಳವೆ ಇಳಿಸಿ ನೋಡಿದರು. ಎಡಗಡೆಯ ದನಿಯ ತಂತು ಮತ್ತೆ ಆಡುತ್ತಿದೆ, ಇನ್ನು ದಿನದಿಂದ ದಿನಕ್ಕೆ ಸರಿಹೋಗುತ್ತದೆ ಎಂದರು. ತಾರಸ್ಥಾಯಿ ಮೊದಲಿನ ಹಾಗೆ ಬರುತ್ತದೆಯೋ ಇಲ್ಲವೋ ಹೇಳಲಾಗದಂತೆ. ಬರದಿದ್ದರೆ ಮಂದ್ರದಲ್ಲಿ ಹಾಡುತ್ತೇನೆ, ಈಗ ಆ ಕಡೆಯ ಸ್ನೇಹಿತರು ಬೇಕಾದಷ್ಟು ಜನ ಇದ್ದಾರೆ. ಸದ್ಯಕ್ಕೆ ಎದುರಿಗೆ ಕೂತವರಿಗೆ ಕೇಳಿಸುವಷ್ಟು ಮಾತಾಡುತ್ತೇನೆ. ಫೋನಿನಲ್ಲಿ ಇನ್ನೂ ಪಿಸುಮಾತಷ್ಟೇ.

ಈ ಕಾಗದ ಬರೆಯುವ ಧೈರ್ಯ ಬಂದದ್ದು ನಿನ್ನ ಅತ್ತೆಯವರಿಂದ. ಅವರ ಮೇಲೆ ಮುನಿಸಿಕೊಳ್ಳಬೇಡ. ನಿನ್ನೆ ನೀನು ಸ್ನಾನಕ್ಕೆ ಹೋಗಿದ್ದಾಗ ನಾನು ಫೋನ್ ಮಾಡಿದ್ದೆ. ಪುಟ್ಟಮ್ಮನವರು ಎತ್ತಿದರು. ನನ್ನ ಪಿಸುಮಾತು ಕೇಳಿ, ಬೀಗಿತ್ತಿಯವರೇ, ನಿಮಗೆ ಮೈ ಸರಿಯಿಲ್ಲ ಅಲ್ಲವೇ ಎಂದರು. ಹೂಂ ಎಂದೆ.

"ನಾನೇನೂ ಹೇಳಲ್ಲ. ನೀವೇ ಹೇಳ್ಬಿಡಿ," ಎಂದರು. "ನಾನು ಎಷ್ಟು ಮಾಡಿದ್ರೂ ಅವಳಿಗೆ ಸಾಲ್ತಿಲ್ಲ. ಸಾರನ್ನಕ್ಕೆ ಕೈಯಿಟ್ಟು, ಅಮ್ಮನ ಸಾರು ಹೀಗಿರಲ್ಲ ಅಂತ ಕಣ್ಣೀರು ಹಾಕ್ತಾಳೆ. ಅವಳಿಗೆ ಕೋಪ ಅಲ್ಲ, ನೀವು ಬೇಕು."

ಬಂಗಾರದಂಥ ಹೆಂಗಸು. ಮೈಸೂರಿನಿಂದ ಒಬ್ಬರೇ ಪ್ಲೇನ್ ಹತ್ತಿ ಬಂದು ನಿನ್ನ ಬಾಣಂತನ ಮಾಡಿದ್ದಾರೆ. ಅವರ ಕಾಲಿಗೆ ನನ್ನ ಲೆಕ್ಕದಲ್ಲೂ ಒಂದು ನಮಸ್ಕಾರ ಮಾಡು.

ಬುಧವಾರ ನರಕ ಚತುರ್ದಶಿ. ಮಗುವಿನ ಮೊದಲ ದೀಪಾವಳಿ. ಅಷ್ಟರಲ್ಲಿ ಈ ಕಾಗದ ನಿನಗೆ ತಲುಪುತ್ತದೆಯೋ ಇಲ್ಲವೋ, ಮಂಗಳವಾರ ಕುದುರೆ ರೇಸಿನ ರಜೆ ಬೇರೆ. ತಲುಪಿದ ದಿನವೇ ಹಬ್ಬ ಎಂದುಕೊಳ್ಳೋಣ. ನೀನು ಬಾ ಎಂದರೆ ಬರುತ್ತೇನೆ, ಒಂದು ವಾರ ಬಿಟ್ಟು ಬಾ ಎಂದರೆ ಒಂದು ವಾರ ಬಿಟ್ಟು ಬರುತ್ತೇನೆ. ಸಾರಿನ ಪುಡಿ ಹುರಿದು ಇಟ್ಟಿದ್ದೇನೆ. ಕತ್ತಿನ ಗೆರೆ ನೋಡಿ ಹೆದರಬೇಡ, ಸರದ ಹಾಗೆ ಕೂತಿದೆ, ನನಗೇನೂ ಕೆಟ್ಟದಾಗಿ ಕಾಣುವುದಿಲ್ಲ.

ಸುಘೋಷ್‌ಗೆ ಆಶೀರ್ವಾದ. ಪುಟ್ಟಿಯ ಅಂಗಾಲಿಗೆ ಒಂದು ಮುತ್ತು.

ನಿನ್ನನ್ನು ನೋಡಲು ಕಾದಿರುವ,
ಅಮ್ಮ
(ಅರುಂಧತಿ)

ತಾ.ಕ.: ಕಾಗದ ಮುಗಿಸಿ ಲಕೋಟೆಗೆ ಅಂಟು ಹಚ್ಚುತ್ತಿದ್ದೆ. ಕಾಫಿಗೆ ಹಾಲಿಟ್ಟಿದ್ದು ಮರೆತೇಹೋಗಿತ್ತು, ಸುಯ್ಯೆಂದು ಉಕ್ಕಿತು. "ಅಯ್ಯೋ, ಹಾಲು!" ಎಂದು ಕೂಗಿಬಿಟ್ಟೆ. ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಅಪ್ಪ ಪೈಪನ್ನು ಅಲ್ಲೇ ಎಸೆದು ಒದ್ದೆ ಕಾಲಲ್ಲಿ ಓಡಿ ಬಂದರು. ಯಾರು ಬಂದರು ಎಂದು ಅಡಿಗೆಮನೆಯೆಲ್ಲ ನೋಡಿದರು. ನಾನೊಬ್ಬಳೇ ಇದ್ದೆ. "ಇನ್ನೊಂದ್ಸಲ ಕೂಗು," ಅಂದರು. ಒಲೆಯ ಮೇಲೆಲ್ಲ ಹಾಲು ಸುರಿಯುತ್ತಿತ್ತು, ಇಬ್ಬರೂ ಒರೆಸಲಿಲ್ಲ. ಇನ್ನೊಂದು ಸಲ ಕೂಗಿದೆ. ಇನ್ನು ಇದನ್ನೆಲ್ಲ ಫೋನಿನಲ್ಲೇ ಹೇಳಬಹುದು. ಆದರೂ ಆಗಸ್ಟಿನ ಆ ವಿಷಯ ಬಾಯಿಬಿಟ್ಟು ಹೇಳುವಾಗ ನುಂಗಿಕೊಂಡುಬಿಡುತ್ತೇನೆ ಎಂದು ಗೊತ್ತು, ಅದಕ್ಕೇ ಈ ಕಾಗದವನ್ನು ಪೋಸ್ಟ್ ಮಾಡುತ್ತಿದ್ದೇನೆ. ಪೂರ್ತಿ ಓದಿದ ಮೇಲೆ ಫೋನ್ ಮಾಡು. ನಾನೇ ಎತ್ತುತ್ತೇನೆ.